ಒಂದನೇ ನಂಬರಿಗಿಂತ ಮುಂಚಿನ ಗಂಗಕ್ಕ

ಚೌಡ ನಾಯ್ಕರಂಥ ಗಿರಾಕಿ ಶತ್ರುವಿಗೂ ಬೇಡ ಮಾರಾಯ್ರೆ. ಶಿರಸಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು ನಾನು ತರಹೇವಾರಿ ಜನರನ್ನು ಕಂಡಿದ್ದೇನೆ. ಆಯುಧಪೂಜೆಗೆ ಪ್ರಿಂಟರಿನ ಒಳಗೇ ಕುಂಕುಮ ಸುರಿದವರನ್ನೂ ಕಂಡಿದ್ದೇನೆ. ಆದರೆ ಒಂದು ಸ್ಕ್ಯಾನರ್ ಆರಿಸಲು ಹನ್ನೊಂದು ತಿಂಗಳು ನನ್ನ ತಲೆ ತಿಂದವರು ಇವರೊಬ್ಬರೇ. ಅವರಿಗೆ ಬೇಕಾಗಿದ್ದದ್ದು ಇಷ್ಟೇ: ತೀರಿಹೋದ ಹೆಂಡತಿಯ ಮುಖವನ್ನು ಇನ್ನೊಮ್ಮೆ ನೋಡಬೇಕು. ಅದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರೆ ನಾನು ಅಷ್ಟೆಲ್ಲ ಕೂಗಾಡುತ್ತಿರಲಿಲ್ಲ.

ನಾಯ್ಕರು ಹೆಗ್ಗರಣೆ ಕಡೆಯವರು. ಸಿದ್ದಾಪುರದ ಒಬ್ಬರ ಸ್ಟುಡಿಯೋದಲ್ಲಿ ಫೋಟೋ ತೊಳೆಯುತ್ತ ಕೆಲಸ ಕಲಿತು, 1991ರಲ್ಲಿ ಅಲ್ಲಿಯದೇ ಬಸ್‌ಸ್ಟ್ಯಾಂಡಿನ ಹತ್ತಿರ ತಮ್ಮದೇ ಸ್ಟುಡಿಯೋ ತೆರೆದರು. ಕಾನಸೂರಿನಿಂದ ಹಿಡಿದು ಯಲ್ಲಾಪುರದ ನಂದೊಳ್ಳಿವರೆಗೆ ಮದುವೆ ಫೋಟೋ ಅಂದರೆ ಅವರೇ. ಮಾತು ಕಡಿಮೆ. ಗಿರಾಕಿಗೆ "ನಗಿ" ಅಂತ ಹೇಳಲೂ ಅವರಿಗೆ ಸಂಕೋಚ. ಆ ಕೆಲಸವನ್ನೆಲ್ಲ ಹೆಂಡತಿ ಗಂಗಕ್ಕ ಮಾಡುತ್ತಿದ್ದರು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆ ಬಾಚಣಿಕೆ ಕೊಡುವುದು, ಪೌಡರ್ ಹಚ್ಚುವುದು, ಕೋಟು ತೊಡಿಸುವುದು, "ಹೆಣ ನೋಡಿದವರ ಹಾಂಗೆ ಎಂತಕ್ಕೆ ಕೂತಿದೀರಿ?" ಅಂತ ಗದರಿಸಿ ನಗಿಸುವುದು. ಬಾಯಿ ಜೋರು, ಮನಸ್ಸು ಬೆಣ್ಣೆ. ಸಿದ್ದಾಪುರಕ್ಕೆ ಹೋದಾಗ ನನಗೂ ಚಹಾ ಕೊಡದೆ ಕಳಿಸಿದವರಲ್ಲ.

ಈಗಿನವರಿಗೆ ಒಂದು ಮಾತು ಹೇಳಬೇಕು. ಆಗಿನ ಕ್ಯಾಮೆರಾದಲ್ಲಿ ಹೊಸ ರೀಲು ಹಾಕಿ ಮುಚ್ಚಿದ ಮೇಲೆ ಎರಡು ಸಲ ಸುಮ್ಮನೆ ಕ್ಲಿಕ್ ಮಾಡಬೇಕು. ಆಗ ಮಾತ್ರ ನಂಬರು ಒಂದಕ್ಕೆ ಬಂದು ನಿಲ್ಲುತ್ತದೆ. ಆ ಎರಡರಲ್ಲಿ ಮೊದಲನೆಯದು ಬೆಳಕು ತಾಗಿ ಪೂರ್ತಿ ಸುಟ್ಟಿರುತ್ತದೆ, ಎರಡನೆಯದರಲ್ಲಿ ಅರ್ಧ ಚಿತ್ರ ಉಳಿದರೆ ಪುಣ್ಯ. ಬೇರೆ ಫೋಟೋಗ್ರಾಫರುಗಳು ಅದನ್ನು ಗೋಡೆಗೋ ನೆಲಕ್ಕೋ ಹೊಡೆದು ಮುಗಿಸುತ್ತಾರೆ. ನಾಯ್ಕರಿಗೆ ಮದುವೆಮನೆಗೆ ಹೊರಡುವ ಮೊದಲು ಫ್ಲ್ಯಾಶ್ ಸರಿಯಿದೆಯೋ ಇಲ್ಲವೋ ನೋಡಬೇಕಿತ್ತು. "ಏ, ನಿಲ್ಲೇ ಇಲ್ಲಿ" ಅನ್ನುತ್ತಿದ್ದರು. ಗಂಗಕ್ಕ ಇದ್ದ ಹಾಗೇ ಬಂದು ನಿಲ್ಲುತ್ತಿದ್ದರು. ಟಕ್! ಫ್ಲ್ಯಾಶ್ ಹೊಡೆಯಿತು, ಇವರು ಚೀಲ ಹೆಗಲಿಗೇರಿಸಿ ಬಸ್ಸು ಹಿಡಿದರು. ಹತ್ತು ವರ್ಷ ಹೀಗೇ ನಡೆಯಿತು. ಅದರ ಪ್ರಿಂಟು ಹಾಕಿಸಿದ್ದು ಮಾತ್ರ ಒಂದೂ ಇಲ್ಲ, ಲ್ಯಾಬಿನವರು ಒಂದನೇ ನಂಬರಿನಿಂದ ಶುರುಮಾಡುವವರು.

2002ರಲ್ಲಿ ಗಂಗಕ್ಕ ಹೊಟ್ಟೆಬೇನೆ ಅಂತ ಹುಬ್ಬಳ್ಳಿ ಆಸ್ಪತ್ರೆಗೆ ಹೋದವರು ತಿಂಗಳೊಳಗೆ ತೀರಿಕೊಂಡರು. ವರ್ಷಾಂತಿಕಕ್ಕೆ ಗೋಡೆಗೆ ಹಾಕಲು ಫೋಟೋ ಹುಡುಕಿದರೆ, ಅಯ್ಯೋ ದೇವರೇ, ಮನೆಯಲ್ಲಿ ಇದ್ದದ್ದು ಮತದಾರರ ಗುರುತಿನ ಚೀಟಿಯದ್ದು ಒಂದೇ! ಅದರಲ್ಲಿ ಗಂಗಕ್ಕ ಬೇರೆ ಯಾರದೋ ಅಜ್ಜಿಯ ಹಾಗೆ ಕಾಣುತ್ತಿದ್ದರು. ಮದುವೆಯ ಫೋಟೋವನ್ನು ಗೆದ್ದಲು ತಿಂದಿತ್ತು. ಚೆನ್ನಾಗಿ ಕೂರಿಸಿ ಒಂದು ತೆಗೆಯಬೇಕು ಅಂತ ನಾಯ್ಕರಿಗೆ ಇತ್ತಂತೆ, ನಾಳೆ ತೆಗೆದರಾಯಿತು ಅಂತ ಹನ್ನೊಂದು ವರ್ಷ ಕಳೆದರು. ಆಮೇಲೆ ಸುಟ್ಟ ನೆಗೆಟಿವ್‌ಗಳನ್ನು ಲ್ಯಾಬಿಗೆ ಕೊಂಡೊಯ್ದರೆ, ಅರ್ಧ ಫ್ರೇಮು ಮಷೀನಿಗೆ ಹಿಡಿಯುವುದಿಲ್ಲ ಅಂದರು.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. 2004ರಲ್ಲಿ ನಾಯ್ಕರು ಅಂಗಡಿಗೆ ಬಂದು "ನೆಗೆಟಿವ್ ಸ್ಕ್ಯಾನ್ ಮಾಡೋದು ಒಂದು ಬೇಕಲ್ಲ ಹೆಗಡೇರೇ" ಅಂದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಯಲ್ಲಾಪುರದಲ್ಲಿ ನನ್ನ ಸ್ನೇಹಿತ ಅನಂತಮೂರ್ತಿ ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರ್ ತರಿಸಿದ್ದ. ಇಬ್ಬರೂ ಹೋದೆವು. ಭಾರೀ ಮಷೀನು ಅದು! ನೆಗೆಟಿವ್‌ನ ತುದಿ ಕೊಟ್ಟರೆ ತಾನೇ ಎಳೆದುಕೊಂಡು ಒಂದರಿಂದ ಎಣಿಸಿ ತೋರಿಸುತ್ತದೆ, ಧೂಳು ಗೀರುಗಳನ್ನು ತಾನೇ ಅಳಿಸುತ್ತದೆ. ಕಾನಸೂರಿನ ಮದುಮಗಳ ಮೂಗುತಿಯ ಹರಳು ಎಣಿಸಬಹುದಿತ್ತು.

"ಒಂದಕ್ಕಿಂತ ಮುಂಚಿಂದು?" ಅಂದರು ನಾಯ್ಕರು.

"ಅದು ರೀಲಿನ ಬಾಲ ಮಾರಾಯ್ರೆ. ಅದ್ರಲ್ಲಿ ಎಂತ ಇರ್ತದೆ?" ಅಂದ ಅನಂತಮೂರ್ತಿ.

"ಹಾಗಾದ್ರೆ ಇದು ಬ್ಯಾಡ" ಅಂತ ನಾಯ್ಕರು ಎದ್ದೇಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ವಾಪಸು ಬಸ್ಸಿನಲ್ಲಿ ಬಾಯಿಗೆ ಬಂದದ್ದೆಲ್ಲ ಅಂದೆ. ನಿಮಗೆ ಚಿತ್ರ ಬೇಕೋ ಬಾಲ ಬೇಕೋ, ನನಗೆ ಬೇರೆ ಕೆಲಸವಿಲ್ಲವೋ ಅಂತ. ಅವರು ಅಂಗಿಯ ಕಿಸೆಯಿಂದ ಒಂದು ನೆಗೆಟಿವ್ ತೆಗೆದು ಬಸ್ಸಿನ ಕಿಟಕಿಯ ಬೆಳಕಿಗೆ ಹಿಡಿದರು. ತುದಿಯಲ್ಲಿ ಉಗುರಿನಷ್ಟು ಜಾಗದಲ್ಲಿ ಒಂದು ಹೆಂಗಸು. ನೆಗೆಟಿವ್ ಅಲ್ಲವೇ, ಮುಖ ಕಪ್ಪು, ಕೂದಲು ಬಿಳಿ.

"ಯಾರು ಇದು?"

"ನಮ್ಮನೆಯವ್ಳು" ಅಂದರು.

ನನ್ನ ಕೆನ್ನೆಗೆ ಬಾರಿಸಿದ ಹಾಗಾಯಿತು.

ಅಲ್ಲಿಂದ ಇದು ನನ್ನದೇ ಕೆಲಸವಾಯಿತು. ಎರಡನೇ ಸ್ಕ್ಯಾನರ್ ತರಿಸಿದೆ. ಅದರಲ್ಲಿ ನೆಗೆಟಿವ್ ಇಡಲು ಪ್ಲಾಸ್ಟಿಕ್ ಚೌಕಟ್ಟು, ಆರು ಕಿಟಕಿ. ಕಿಟಕಿಯ ಅಂಚು ಸರಿಯಾಗಿ ಗಂಗಕ್ಕನ ಮುಖದ ಮೇಲೇ ಬರುತ್ತಿತ್ತು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ನಾಯ್ಕರು ಆ ಹೊಸ ಚೌಕಟ್ಟನ್ನು ಅರದಿಂದ ತಿಕ್ಕಿ ತಿಕ್ಕಿ ಅಂಚು ತೆಗೆದಿದ್ದರು! ಕೇಳಿದರೆ "ಸ್ವಲ್ಪ ಮಾತ್ರ" ಅಂತೆ. ಅಷ್ಟಾದರೂ ಸಾಫ್ಟ್‌ವೇರು ಒಂದರಿಂದಲೇ ಎಣಿಸಿತು. ಆ ಚೌಕಟ್ಟು ಈಗಲೂ ನನ್ನ ಅಟ್ಟದ ಮೇಲಿದೆ, ಯಾರಿಗೆ ಮಾರಲಿ?

ಮೂರನೆಯದು ಚಪ್ಪಟೆ ಗಾಜಿನ ಸ್ಕ್ಯಾನರ್, ಮುಚ್ಚಳದಲ್ಲೇ ದೀಪ. ಅನಂತಮೂರ್ತಿಯದ್ದರಷ್ಟು ಚೊಕ್ಕ ಅಲ್ಲ, ಆದರೆ ನೆಗೆಟಿವ್ ಅನ್ನು ಬರಿ ಗಾಜಿನ ಮೇಲೆ ಉದ್ದಕ್ಕೆ ಮಲಗಿಸಬಹುದಿತ್ತು. ಇನ್ನು ಸಾಫ್ಟ್‌ವೇರಿನ ರಗಳೆ. ಜೊತೆಗೆ ಬಂದದ್ದು ಬಾಲವನ್ನು ಬಿಟ್ಟೇ ತೋರಿಸುತ್ತಿತ್ತು. ಬೇರೆ ಕಂಪನಿಯದ್ದೊಂದನ್ನು ಪರೀಕ್ಷೆಗೆ ಅಂತ ಹಾಕಿದೆ. ಅದು ಎಲ್ಲವನ್ನೂ ತೋರಿಸಿತು, ಜೊತೆಗೆ ದುಡ್ಡು ಕೊಟ್ಟಿಲ್ಲ ಅಂತ ಗಂಗಕ್ಕನ ಹಣೆಯಿಂದ ಗಲ್ಲದವರೆಗೆ ತನ್ನ ಮೊಹರು ಒತ್ತಿತು. "ತೆಗೀರಿ ಅದನ್ನ!" ಅಂತ ನಾಯ್ಕರು ಕೂಗಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಕೊನೆಗೆ ದಾರಿ ಸಿಕ್ಕಿದ್ದು ಜೊತೆಗೆ ಬಂದ ಸಾಫ್ಟ್‌ವೇರಿನಲ್ಲೇ. ಫ್ರೇಮನ್ನು ತಾನೇ ಎಣಿಸುವ ಗುಣವನ್ನು ಬಂದ್ ಮಾಡಿದರೆ, ಬೇಕಾದ ಕಡೆ ನಾವೇ ಮೌಸಿನಿಂದ ಚೌಕ ಎಳೆಯಬಹುದಿತ್ತು. ಆಗಲೂ ಸುಟ್ಟ ಭಾಗದ ಬೆಳಕಿಗೆ ಮುಖ ಕಪ್ಪಾಗಿ ಬರುತ್ತಿತ್ತು. ಚೌಕವನ್ನು ಒಳಗೆ ಸರಿಸಿ, ಸುಟ್ಟದ್ದನ್ನು ಹೊರಗಿಟ್ಟು ಮತ್ತೆ ಒತ್ತಿದೆವು. ಸ್ಕ್ಯಾನರಿನ ದೀಪ ಗುಂಯ್‌ಗುಡುತ್ತ ಆಚೆಯಿಂದ ಈಚೆಗೆ ಬಂತು. ಪರದೆಯ ಮೇಲೆ ಗಂಗಕ್ಕ ಎದ್ದು ಬಂದರು. ಹಸಿರು ಸೀರೆ, ಕೈಯಲ್ಲಿ ಪೌಡರ್ ಡಬ್ಬಿ, ಬಾಯಿ ತೆರೆದೇ ಇದೆ.

"ಬೈತಾ ಇದಾಳೆ ನೋಡಿ! ನನಗೇ ಬೈತಾ ಇದಾಳೆ!" ಅಂತ ನಾಯ್ಕರು ಮಗುವಿನ ಹಾಗೆ ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ನನಗೂ ತಡೆಯಲಿಲ್ಲ. ಸ್ಕ್ಯಾನರನ್ನು ಅವತ್ತೇ ಸಿದ್ದಾಪುರಕ್ಕೆ ಒಯ್ದು ಅವರ ಸ್ಟುಡಿಯೋದಲ್ಲಿ ಜೋಡಿಸಿ ಬಂದೆ.

ಹದಿನೈದು ದಿನ ಬಿಟ್ಟು ಫೋನು ಬಂತು. "ಎಲ್ಲ ಮುಗೀತು ಹೆಗಡೇರೇ. ಒಂದ್ಸಲ ಬಂದು ಹೋಗಿ." ಧ್ವನಿ ಸರಿಯಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೋದೆ. ಇನ್ನೂರ ಹದಿನೇಳು ಚಿತ್ರ. ನೆಗೆಟಿವ್ ಲಕೋಟೆಗಳ ಮೇಲೆ ಮದುವೆಯ ತಾರೀಖು ಬರೆದಿತ್ತಲ್ಲ, ಅದರ ಪ್ರಕಾರ ಸಾಲಾಗಿ ಜೋಡಿಸಿಟ್ಟಿದ್ದರು. "ನೀವೇ ಒತ್ತಿ" ಅಂದರು.

ಒಂದೊಂದೇ ಒತ್ತುತ್ತ ಹೋದೆ. ಬಾಚಣಿಕೆ ಹಿಡಿದ ಗಂಗಕ್ಕ, ಪೊರಕೆ ಹಿಡಿದ ಗಂಗಕ್ಕ, ಯಾರದೋ ಕೋಟನ್ನು ತಾವೇ ತೊಟ್ಟು ನಗುವ ಗಂಗಕ್ಕ. ಎರಡು ಸಾವಿರನೇ ಇಸವಿ ದಾಟಿದ ಮೇಲೆ ನನ್ನ ಬೆರಳು ನಿಧಾನವಾಯಿತು. ಕೆನ್ನೆ ಇಳಿದಿತ್ತು. ಮುಂದಿನದರಲ್ಲಿ ಕೈ ಎತ್ತಿದ್ದರು, ಬಳೆಗಳು ಮೊಣಕೈವರೆಗೆ ಜಾರಿದ್ದವು. ನಂದೊಳ್ಳಿ ಮದುವೆಯ ರೀಲಿನಲ್ಲಿ ಬಾಗಿಲು ಹಿಡಿದು ನಿಂತಿದ್ದರು. ಆಮೇಲಿನವುಗಳಲ್ಲಿ ನಿಂತೇ ಇಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದಾರೆ, ಒಂದು ಕೈ ಹೊಟ್ಟೆಯ ಮೇಲೆ. ಹುಬ್ಬಳ್ಳಿಗೆ ಹೋಗಲು ಆಗ ಇನ್ನೂ ಏಳು ತಿಂಗಳಿತ್ತು.

ನಾನು ದಡ್ಡನ ಹಾಗೆ, "ಬೇಕಾದ್ರೆ ಕೆನ್ನೆ ಹತ್ರ ಸ್ವಲ್ಪ ಸರಿ ಮಾಡಿ ಕೊಡ್ತೇನೆ, ಸಾಫ್ಟ್‌ವೇರಲ್ಲಿ ಆಗ್ತದೆ" ಅಂದೆ.

"ಬ್ಯಾಡ. ಮುಟ್ಬ್ಯಾಡಿ." ನಾಯ್ಕರು ಪರದೆಯನ್ನೇ ನೋಡುತ್ತಿದ್ದರು. "ಊರವರ ಮುಖದ ಮೇಲೆ ನೆರಳು ಎಲ್ಲಿ ಬಿತ್ತು ಅಂತ ಹೇಳೋ ಮನುಷ್ಯ ನಾನು. ಇವಳನ್ನ ಅಷ್ಟು ಸಲ ಎದುರಿಗೆ ನಿಲ್ಲಿಸ್ಕಂಡೆ. ನೋಡ್ಲೇ ಇಲ್ಲ ಹೆಗಡೇರೇ. ಹುಬ್ಬಳ್ಳಿ ಡಾಕ್ಟ್ರು ಕೇಳಿದ್ರು, ಇವರು ಯಾವಾಗಿಂದ ಹೀಗೆ ಇಳೀತಾ ಬಂದ್ರು ಅಂತ. 'ಮೊನ್ನೆ ಮೊನ್ನೆಯಿಂದ ಸಾರ್' ಅಂದೆ. ಇವಳು ನನ್ನ ಮುಖ ನೋಡಿದ್ಲು. ಆಮೇಲೆ ಡಾಕ್ಟ್ರ ಹತ್ರ, 'ಹೌದು ಸಾರ್, ಮೊನ್ನೆಯಿಂದ್ಲೇ' ಅಂದ್ಲು."