ಕಬ್ಬಾಳಿಗೆ ನಾನು ಹೋಗಲಿಲ್ಲ

ಸಂಕ್ರಾಂತಿ ಕಳೆದ ಮೇಲಿನ ಶುಕ್ರವಾರ, ಬೆಳಿಗ್ಗೆ ಆರೂವರೆಗೆ ಮೈಸೂರು ರಸ್ತೆಯಲ್ಲಿ ರಾಮನಗರದ ಬಸ್ ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಎಡ ಮಂಡಿಗೆ ಬ್ಯಾಂಡೇಜು, ಫ್ಲಾಸ್ಕಿನಲ್ಲಿ ಬಿಸಿನೀರು, ಪರ್ಸಿನಲ್ಲಿ ಎರಡು ನೋವಿನ ಮಾತ್ರೆ. ಹೊರಡುವಾಗಲೇ ಸುಸ್ತಾಗಿತ್ತು. ಎಪ್ಪತ್ನಾಲ್ಕರಲ್ಲಿ ದಣಿವಿಗೆ ಕಾರಣ ಬೇಕಿಲ್ಲ, ಅದು ಚಪ್ಪಲಿಯ ಹಾಗೆ ಬಾಗಿಲಲ್ಲೇ ಕಾದಿರುತ್ತದೆ.

ಹೋಗುತ್ತಿದ್ದದ್ದು ಒಂದು ರಿಪೋರ್ಟ್ ಬರೆಯಲು. ಬೆಂಗಳೂರಿನಲ್ಲಿ ಅಂಗವೈಕಲ್ಯದ ಬಗ್ಗೆ ಅಧ್ಯಯನ ಮಾಡುವ ಒಂದು ಸಣ್ಣ ಸಂಸ್ಥೆಗೆ ನಾನು ಸಂಬಳವಿಲ್ಲದ ಸಲಹೆಗಾರ್ತಿ. ಕಾನ್ವೆಂಟಿನಲ್ಲಿ ಓದಿ, ಅದೇ ಕಾನ್ವೆಂಟಿನಲ್ಲಿ ಮೂವತ್ತಾರು ವರ್ಷ ಇಂಗ್ಲಿಷ್ ಮತ್ತು ಎಲೊಕ್ಯೂಷನ್ ಕಲಿಸಿದವಳು. ಸಂಸ್ಥೆಯವರೂ ನನ್ನನ್ನು ಮಿಸ್ ಎಂದೇ ಕರೆಯುತ್ತಾರೆ. ಚೈತ್ರ ಎಂಬ ಮಾಗಡಿಯ ಹುಡುಗಿ ಮೂರು ತಿಂಗಳಿಂದ ಅಲ್ಲಿ ಇಂಟರ್ನ್. ಎಂ.ಎಸ್.ಡಬ್ಲ್ಯು. ಫಸ್ಟ್ ಕ್ಲಾಸ್. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಹಾಗಾಗಿ ಕೈ ನಡುಗುತ್ತದೆ, ನಡಿಗೆ ಒಂದು ಕಡೆಗೆ ವಾಲುತ್ತದೆ, ಮಾತು ತಡೆದು ತಡೆದು ಬರುತ್ತದೆ. ಅವಳನ್ನು ಕೆಲಸಕ್ಕೆ ಖಾಯಂ ಮಾಡಬೇಕಾದರೆ ಸಲಹೆಗಾರರೊಬ್ಬರು ಒಂದು ದಿನ ಜೊತೆಗೆ ಸುತ್ತಿ, ‘ಮೇಲ್ವಿಚಾರಣೆ ಇಲ್ಲದೆ ಹಳ್ಳಿಗಳಲ್ಲಿ ಕೆಲಸ ಮಾಡಬಲ್ಲರೆ?’ ಎಂಬ ಪ್ರಶ್ನೆಗೆ ಉತ್ತರ ಬರೆದು ಸಹಿ ಹಾಕಬೇಕು. ಇಲ್ಲ ಅಂತ ಬರೆದರೆ ಒಂದು ಸರ್ಟಿಫಿಕೇಟು, ಒಂದು ಶಾಲು, ಮಾಗಡಿಗೆ ವಾಪಸ್ಸು. ಅಂಗವೈಕಲ್ಯದ ಸಂಸ್ಥೆಯಲ್ಲೇ ಈ ಅನುಮಾನ. ನಾಚಿಕೆಯಾಗಬೇಕಿತ್ತು, ಆದರೆ ನನಗೂ ಆ ಅನುಮಾನ ಇತ್ತು.

ರಾಮನಗರದಲ್ಲಿ ಬಸ್ಸಿನಿಂದ ಇಳಿಯುವಾಗಲೇ ಬೇಯುವ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯಿತು. ಚೈತ್ರ ಮಾಗಡಿಯಿಂದ ಮೊದಲನೇ ಬಸ್ಸಿಗೇ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ಎದುರಿನ ಹೋಟೆಲಿಗೆ ಹೋದೆವು. ಸಪ್ಲೈಯರ್ ಅವಳ ಕಡೆ ನೋಡಿ ನನ್ನನ್ನು ಕೇಳಿದ: “ಅವ್ರಿಗೇನ್ ಬೇಕಂತೆ ಮೇಡಂ?”

“ಎರಡು ಇಡ್ಲಿ” ಅಂದೆ.

ಅವನು ಹೋದ ಮೇಲೆ ಚೈತ್ರ ನಕ್ಕಳು. “ನಂಗೆ ಪೂರಿ ಬೇಕಿತ್ತು, ಮಿಸ್.”

ಇಲ್ಲಿ ಅವಳ ಮಾತನ್ನು ನಾನು ನೇರವಾಗಿ ಬರೆದಿದ್ದೇನೆ. ಅದು ಬಾಯಿಂದ ಬರಲು ಹಿಡಿದ ಹೊತ್ತನ್ನು ಓದುವವರು ತಾವೇ ಸೇರಿಸಿಕೊಳ್ಳಬೇಕು. ‘ಪೂರಿ’ ಅನ್ನುವಷ್ಟರಲ್ಲಿ ಇಡ್ಲಿ ಬಂದಾಗಿತ್ತು.

ಅವಳು ಮಾಡುತ್ತಿದ್ದ ಅಧ್ಯಯನದ ವಿಷಯ ನನಗೆ ಇಷ್ಟವಾಗಿತ್ತು: ಅಂಗವಿಕಲರು ಮನೆಯೊಳಗೆ ಮಾಡುವ, ಆದರೆ ಯಾರೂ ಕೆಲಸ ಅನ್ನದ ಕೆಲಸ. ಆ ದಿನ ಎರಡು ಮನೆ. ಮೊದಲನೆಯದು ಚನ್ನಪಟ್ಟಣದಲ್ಲಿ, ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಐವತ್ತು ರೂಪಾಯಿಯ ದೂರ. ಸಿದ್ದಮ್ಮ ಅನ್ನುವವರ ಮನೆ. ಅವರ ಮಗ ಮಹದೇವನಿಗೆ ಮೂವತ್ತರ ಮೇಲೆ, ಕಾಲು ಸ್ವಾಧೀನದಲ್ಲಿಲ್ಲ. ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಚೈತ್ರಳ ಕೈಯಲ್ಲಿ ಬರವಣಿಗೆ ನಿಧಾನ ಅಂತ ಪೆನ್ನು ನಾನೇ ತೆಗೆದುಕೊಂಡೆ.

“ಅವ್ನೇನ್ ಮಾಡಾನು ತಾಯಿ, ಕೂತಿರ್ತನೆ ಪಾಪ” ಎಂದು ಸಿದ್ದಮ್ಮ ನನ್ನ ಮುಖ ನೋಡಿಕೊಂಡೇ ಹೇಳಿದರು. ನಾನು ‘ಕೆಲಸ: ಇಲ್ಲ’ ಎಂದು ಬರೆದೆ.

ಚೈತ್ರ ಬಾಯಿ ತೆರೆದಳು. “ಅಮ್ಮ, ರಾತ್ರಿ...” ಎಂದು ಮುಂದಿನ ಪದಕ್ಕೆ ತಡಕಾಡುತ್ತಿದ್ದಳು. ಕಾಯಲು ನನ್ನಿಂದ ಆಗಲಿಲ್ಲ. “ರಾತ್ರಿ ನಿಮಗೆ ನಿದ್ದೆ ಬರುತ್ತಾ, ಮಗನ ಯೋಚನೇಲಿ, ಅಂತ ಕೇಳ್ತಿದ್ದಾಳೆ” ಅಂದೆ.

ಅಷ್ಟು ಸಾಕಾಯಿತು. ಸಿದ್ದಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡರು. ಮಹದೇವ ತಲೆ ತಗ್ಗಿಸಿದ. ಕಾಫಿ ಕುಡಿದು ಎದ್ದೆವು.

ಸಾತನೂರಿನ ಬಸ್ಸಿನಲ್ಲಿ ಚೈತ್ರ ಕಿಟಕಿಯ ಕಡೆ ಕೂತಳು. ಹೊರಗೆ ಹುರುಳಿ ಒಕ್ಕುವವರು, ಹಿಪ್ಪುನೇರಳೆ ತೋಟ, ಒಂದು ಕುರಿಮಂದೆ. ಊರು ದಾಟಿದ ಮೇಲೆ ಹೇಳಿದಳು: “ನಾನು ಕೇಳ್ಬೇಕಿದ್ದಿದ್ದು ಅದಲ್ಲ, ಮಿಸ್. ರಾತ್ರಿ ಎಷ್ಟು ಅವರೆಕಾಳು ನೆನೆಹಾಕ್ತೀರಾ ಅಂತ.”

“ಯಾವ ಅವರೆಕಾಳು?”

“ಆತನ ಮುಂದೆ ಬೇಸನ್ ಇತ್ತಲ್ಲ. ಹತ್ತಿಪ್ಪತ್ತು ಜನಕ್ಕೆ ಆಗೋಷ್ಟು ಹಿತಕಿಟ್ಟಿದ್ದ. ಮನೇಲಿ ಇರೋರು ಇಬ್ರು. ಯಾವುದೋ ಹೋಟ್ಲಿಗೆ ಹೋಗುತ್ತೆ ಅದು.”

ಬೇಸನ್ ಇತ್ತು. ನಾನೂ ಕಂಡಿದ್ದೆ, ದಾಟಿಕೊಂಡೇ ಒಳಗೆ ಹೋಗಿದ್ದೆ. ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಬಸ್ಸಿನ ಕುಲುಕಾಟಕ್ಕೂ ಕೈಯ ನಡುಕಕ್ಕೂ ಜಗ್ಗದೆ, ‘ಇಲ್ಲ’ ಅನ್ನುವುದನ್ನು ಹೊಡೆದುಹಾಕಿದಳು. “ಇನ್ನೊಂದು ಸಲ ಹೋಗ್ಬೇಕು” ಅಂದಳು. ಯಾರು ಹೋಗಬೇಕು ಅನ್ನುವುದನ್ನು ಹೇಳಲಿಲ್ಲ.

ನನಗೊಬ್ಬ ತಂಗಿಯಿದ್ದಳು, ವಿಮಲಾ. ಅವಳಿಗೆ ಮಾತು ಬರುವುದಿಲ್ಲ ಎಂದು ನಾವೆಲ್ಲ ಹೇಳಿಕೊಂಡು ತಿರುಗಿದೆವು. ಮಾತು ಬರುತ್ತಿತ್ತು. ಬರುವಷ್ಟು ಹೊತ್ತು ಯಾರೂ ಕಾಯುತ್ತಿರಲಿಲ್ಲ, ಅಷ್ಟೆ. ನೀರು ಬೇಕಾ, ಚಳಿಯಾ, ಅಮ್ಮನ್ನ ಕರೀಲಾ ಎಂದು ಎಲ್ಲವನ್ನೂ ನಾನೇ ಹೇಳಿಬಿಡುತ್ತಿದ್ದೆ. ಅಕ್ಕನಿಗೆ ತಂಗಿಯ ಮನಸ್ಸು ಹೇಗೆ ಗೊತ್ತಾಗುತ್ತೆ ನೋಡಿ ಎಂದು ಕಾನ್ವೆಂಟಿನ ಸಿಸ್ಟರ್ಸ್ ಮೆಚ್ಚುತ್ತಿದ್ದರು. ಅವಳು ಹೋಗಿ ಹನ್ನೆರಡು ವರ್ಷ. ಅವಳಿಗೆ ಪೂರಿ ಇಷ್ಟವಿತ್ತೋ ಇಡ್ಲಿಯೋ, ನನಗೆ ಗೊತ್ತಿಲ್ಲ.

ಸಾತನೂರಿನಲ್ಲಿ ಇಳಿದಾಗ ಹನ್ನೆರಡೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ಎರಡನೇ ಮನೆ ಕಬ್ಬಾಳಿನಲ್ಲಿ. ಶುಕ್ರವಾರವಾದ್ದರಿಂದ ಕಬ್ಬಾಳಮ್ಮನ ದರ್ಶನಕ್ಕೆ ಹೊರಟವರಿಂದ ಬಸ್ಸು ಬಾಗಿಲವರೆಗೂ ತುಂಬಿತ್ತು. ಹೂವು, ಕಾಯಿ, ಅಳುವ ಮಕ್ಕಳು. ನಾನು ಕಾಲೆತ್ತುವ ಮೊದಲೇ ಚೈತ್ರ ಅಡ್ಡ ನಿಂತಳು.

“ಮಿಸ್, ಕಬ್ಬಾಳಿಗೆ ನಾನೊಬ್ಳೇ ಹೋಗ್ತೀನಿ.”

“ನಾನು ನೋಡದೆ ಹೇಗಮ್ಮ ಬರೀಲಿ?”

“ಒಬ್ಳೇ ಮಾಡ್ತೀನಾ ಇಲ್ವಾ ಅನ್ನೋದನ್ನ ನೀವು ಜೊತೆಗಿದ್ದು ಹೇಗೆ ನೋಡ್ತೀರಾ?”

ನಾನು ಒಂದು ಹೆಜ್ಜೆ ಹಿಂದೆ ಸರಿದೆ. “ಮೂರು ಗಂಟೆಗೆ ಬಂದ್ಬಿಡ್ತೀನಿ” ಎಂದು ಹೇಳಿ ಬಾಗಿಲಿನ ಕಂಬಿ ಹಿಡಿದಳು. ಯಾರೋ “ಏ, ಜಾಗ ಬುಡ್ಲಾ, ಹುಡ್ಗಿ ಹತ್ತಲಿ” ಅಂದರು. ಬಸ್ ಹೊರಟಿತು.

ರಸ್ತೆ ಬದಿಯ ಹೋಟೆಲಿನಲ್ಲಿ ಮುದ್ದೆ, ಬಸ್ಸಾರು ಉಂಡೆ. ಸಾರು ಖಾರ, ಮುದ್ದೆ ಚೆನ್ನಾಗಿತ್ತು. ಅರವತ್ತು ರೂಪಾಯಿ. ಹೋಟೆಲ್ ನಡೆಸುವಾಕೆ ನನ್ನ ಬ್ಯಾಂಡೇಜು ನೋಡಿ ಒಂದು ಸ್ಟೂಲು ತಂದು ಕಾಲಿಗೆ ಕೊಟ್ಟಳು.

“ಆ ಹುಡ್ಗಿ ನಿಮ್ಮನ್ನ ಇಲ್ಲೇ ಬುಟ್ಬುಟ್ಟು ಹೋದ್ಲಲ್ಲವ್ವ. ನಿಮ್ಮನ್ನ ನೋಡ್ಕಳಾಕೆ ಬಂದವ್ಳಾ?”

“ಅಲ್ಲ, ನಾನು ಅವಳನ್ನ ನೋಡೋಕೆ ಬಂದವಳು.”

ಅವಳು ನನ್ನ ಕಾಲನ್ನೂ ಫ್ಲಾಸ್ಕನ್ನೂ ಮತ್ತೊಮ್ಮೆ ನೋಡಿದಳು. “ಸರಿ ಬುಡಿ. ಒಸಿ ಮನಿಕ್ಕೊಳ್ಳಿ, ಬಂದಾಗ ಎಬ್ಬುಸ್ತೀನಿ.”

ಮೂರು ಗಂಟೆಯ ಬಸ್ಸಿನಲ್ಲಿ ಚೈತ್ರ ಬರಲಿಲ್ಲ. ಮೂರೂಮುಕ್ಕಾಲಿನದರಲ್ಲೂ ಇಲ್ಲ. ಫೋನ್ ಮಾಡಿದೆ, ಎರಡು ಸಲ. ರಿಂಗ್ ಆಗಿ ನಿಂತಿತು. ಆ ಜನಜಂಗುಳಿಯಲ್ಲಿ ಯಾರಾದರೂ ತಳ್ಳಿ ಬಿದ್ದಿದ್ದರೆ? ದಾರಿ ಕೇಳುವಷ್ಟರಲ್ಲಿ ಕೇಳಿಸಿಕೊಳ್ಳುವವರು ಮುಂದೆ ಹೋಗಿಬಿಟ್ಟಿದ್ದರೆ? ಎದ್ದು ಒಂದು ಆಟೋ ಕರೆದೆ. ಕಬ್ಬಾಳಿಗೆ ಇನ್ನೂರೈವತ್ತು ಅಂದ, ಚೌಕಾಸಿ ಮಾಡಲಿಲ್ಲ. ಒಂದು ಕಾಲು ಒಳಗಿಟ್ಟೆ.

ಅಲ್ಲೇ ನಿಂತೆ. ನಾನು ಅಲ್ಲಿಗೆ ಹೋಗಿ ಇಳಿದರೆ, ಅವಳು ಸುಖವಾಗಿದ್ದರೂ ಸರಿ, ಆ ಪ್ರಶ್ನೆಗೆ ‘ಇಲ್ಲ’ ಅಂತ ಬರೆದ ಹಾಗೆಯೇ. ಕಾಗದ ಬೇಕಿಲ್ಲ, ನನ್ನ ಆಟೋ ಆ ಮನೆಯ ಬಾಗಿಲಿಗೆ ಬಂದರೆ ಸಾಕು. ಕಾಲು ಹೊರಗೆ ತೆಗೆದೆ.

“ಏನಜ್ಜಿ, ಹತ್ತಾಕ್ ಆಗ್ದೆ ಇಳುದ್ರಾ? ಕೈ ಕೊಡ್ಲಾ?” ಅಂದ ಡ್ರೈವರ್.

“ಸಾರಿ ಕಣಪ್ಪ, ಬೇಡ.”

“ನಿಮ್ಮಂತೋರು ನಾಕ್ ಜನ ಸಿಕ್ಕುದ್ರೆ ಮುಗೀತು ನನ್ ದಿನ” ಎಂದು ಗೊಣಗಿ ಹೋದ. ಮತ್ತೆ ಫೋನ್ ಕೂಡ ಮಾಡಲಿಲ್ಲ. ಎಲೊಕ್ಯೂಷನ್ ಕಾಂಪಿಟಿಷನ್‌ಗೆ ಮಕ್ಕಳನ್ನು ಸ್ಟೇಜಿಗೆ ಕಳಿಸಿ ಪರದೆಯ ಹಿಂದೆ ನಿಂತದ್ದುಂಟು. ಅಲ್ಲಿ ಮರೆತರೆ ಪಿಸುಗುಟ್ಟಬಹುದಿತ್ತು.

ಐದಕ್ಕೆ ಹತ್ತು ನಿಮಿಷ ಇರುವಾಗ ಹಾಲಿನ ಕ್ಯಾನುಗಳಿದ್ದ ಗೂಡ್ಸ್ ಆಟೋದಿಂದ ಚೈತ್ರ ಇಳಿದಳು. ದುಪಟ್ಟಾಕ್ಕೆ ಒಂದು ಹಿಪ್ಪುನೇರಳೆ ಎಲೆ ಅಂಟಿಕೊಂಡಿತ್ತು. ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತು ಬಿಟ್ಟು, ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ ಕೊಟ್ಟೆ. ಕನಕಪುರದ ಬಸ್ ನಿಂತಿತ್ತು, ಹತ್ತಿದೆವು.

ದಾರಿಯುದ್ದಕ್ಕೂ ಅವಳು ಹೇಳಿದಳು, ನಾನು ತುಟಿ ಬಿಗಿಹಿಡಿದು ಕೂತೆ. ಎರಡು ಸಲ ಅವಳ ವಾಕ್ಯದ ಕೊನೆ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಎರಡು ಸಲವೂ ಅವಳು ಬೇರೆಯದನ್ನೇ ಹೇಳಿದಳು. ಕಬ್ಬಾಳಿನ ಆ ಮನೆಯ ಪುಟ್ಟತಾಯಮ್ಮನಿಗೆ ನಡೆಯಲು ಬರುವುದಿಲ್ಲ. ಇವತ್ತೇ ರೇಷ್ಮೆಹುಳು ಹಣ್ಣಾಗಿದ್ದವು, ಅಂದರೆ ಗೂಡು ಕಟ್ಟುವ ಹೊತ್ತು. ಯಾವ ಹುಳು ಹಣ್ಣಾಗಿದೆ ಎಂದು ತಟ್ಟೆಯಿಂದ ಆರಿಸಿ ಕೊಡುವುದು ಆಕೆಯೇ. ಮನೆಮಂದಿಯೆಲ್ಲ ಆಕೆ ಹೇಳಿದಂತೆ ಓಡಾಡುತ್ತಿದ್ದರು. ಹುಳು ಬಿಡುವುದು ಮುಗಿಯುವವರೆಗೆ ಮಾತಿಗೆ ಸಮಯವಿಲ್ಲ ಎಂದಾಗ, ಚೈತ್ರ ತಾನೂ ಕೂತಳಂತೆ.

“ಹುಳ ಎತ್ತೋಕೆ ಹೋದೆ, ಮಿಸ್. ‘ನಿನ್ ಕೈ ನಡುಗ್ತದೆ, ಸಾಯಿಸ್ಬುಡ್ತೀಯ, ಅದನ್ನ ಬುಡು. ಚಂದ್ರಿಕೆ ಹಿಡ್ಕಂಡು ಕೂತ್ಕೊ’ ಅಂದ್ರು.” ಹುಳು ಬಿಡುವ ಆ ಬಿದಿರಿನ ತಟ್ಟೆಯನ್ನು ಎರಡು ಗಂಟೆ ತೊಡೆಯ ಮೇಲೆ ಹಿಡಿದಿದ್ದಳು. ಫೋನು ತೆಗೆಯಲು ಕೈ ಬಿಡುವಿರಲಿಲ್ಲ. “ನನ್ನ ಕೈ ನಡುಗುತ್ತೆ ಅಂತ ಯಾರೂ ಹಾಗೆ ಹೇಳಿರ್ಲಿಲ್ಲ. ಎಲ್ರೂ ನೋಡ್ದೇ ಇರೋ ಹಾಗೆ ಇರ್ತಾರೆ.” ಆಮೇಲೆ ಪುಟ್ಟತಾಯಮ್ಮ ತಾನಾಗಿಯೇ ಅರ್ಧ ಗಂಟೆ ಮಾತಾಡಿದ್ದರು. ‘ಕೆಲಸ’ ಎಂಬಲ್ಲಿ ಹನ್ನೊಂದು ಸಾಲು ತುಂಬಿತ್ತು, ಚೈತ್ರಳ ಅಂಕುಡೊಂಕು ಅಕ್ಷರದಲ್ಲಿ.

ಕನಕಪುರದ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ರಿಪೋರ್ಟಿನ ಫಾರಂ ತೆಗೆದೆ. ಮೇಲ್ವಿಚಾರಣೆ ಇಲ್ಲದೆ ಕೆಲಸ ಮಾಡಬಲ್ಲರೆ? ‘ಹೌದು.’ ನೀವು ಸ್ವತಃ ಕಂಡ ಆಧಾರ? ‘ನಾನು ಅಲ್ಲಿರಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಅವಳಿಗೆ ತೋರಿಸಬಾರದು ಅಂತ ನಿಯಮ. ತೋರಿಸಿದೆ.

ಚೈತ್ರ ಓದಿ, “ಹೀಗ್ ಬರೆದ್ರೆ ನಿಮ್ಮನ್ನೇ ಸಲಹೆಗಾರರ ಪಟ್ಟಿಯಿಂದ ತೆಗೀತಾರೆ, ಮಿಸ್” ಅಂದಳು.

“ತೆಗೀಲಿ. ಮಂಡಿಗೂ ರೆಸ್ಟ್ ಸಿಗುತ್ತೆ.”

ಬೆಂಗಳೂರಿನ ಬಸ್ ಮೊದಲು ಬಂತು. ನನಗೆ ಕಿಟಕಿಯ ಸೀಟು ಸಿಕ್ಕಿತು. ತಿರುಗಿ ನೋಡಿದಾಗ ಅವಳು ರಾಮನಗರದ ಬಸ್ಸಿನ ಬಾಗಿಲ ಬಳಿ ನಿಂತು ಕಂಡಕ್ಟರನಿಗೆ ಏನನ್ನೋ ಕೇಳುತ್ತಿದ್ದಳು, ಬಹುಶಃ ಅಲ್ಲಿಂದ ಮಾಗಡಿಗೆ ಬಸ್ ಸಿಗುತ್ತದೆಯೇ ಎಂದು. ಬಹುಶಃ ಅದಲ್ಲ. ಹಿಂದೆ ಜನ ನೂಕುತ್ತಿದ್ದರು. ಅವನು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಅವಳ ಮಾತು ಮುಗಿಯುವ ಮೊದಲೇ ನಮ್ಮ ಬಸ್ ತಿರುಗಿತು.