ಗೌರಿ ಏರು ಹತ್ತಿದ ಬೆಳಿಗ್ಗೆ

ದೆವ್ವ ಕಂಡೆ, ಪಿಶಾಚಿ ಕಂಡೆ ಎಂದು ಯಾರಾದರೂ ಬಂದರೆ, "ನಿನ್ನೆ ಎಷ್ಟು ಇಳಿಸಿದ್ದೆ ಮಾರಾಯ?" ಎಂದು ಕೇಳಿ ಸಾಗಹಾಕುತ್ತಿದ್ದವನು ನಾನು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು ಎನ್ನುವುದು ಆಳುಗಳ ಹಾಜರಿ, ಲೆಕ್ಕ ಬರೆಯುವ ಎಸ್ಟೇಟ್ ರೈಟರನ ಮೊದಲ ಪಾಠ. ಹಾಗೆ ಕಣ್ಣಾರೆ ಕಂಡು ಬರೆದದ್ದೇ ಇವತ್ತಿಗೂ ನನ್ನ ಹೊಟ್ಟೆ ಸುಡುತ್ತಿದೆ. ನೀವು ನಂಬಲೇಬೇಕೆಂಬ ಹಟವೇನೂ ನನಗಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ನಮ್ಮೂರು ಶಿರಂಗಾಲ; ಕೆಲಸ ಗಾಳಿಬೀಡಿನ ಕಡೆಯ ಒಂದು ಕಾಫಿ ತೋಟದಲ್ಲಿ. ನನ್ನ ಹೆಂಡತಿ ಗೌರಿಗೆ ಎಡಮೊಲೆಯಲ್ಲಿ ಗಂಟಾಗಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೆಗೆಸಿದ್ದಾಯಿತು. ಆಮೇಲೆ ಗಂಟು ಮರಳದಂತೆ ಕಿರಣದಿಂದ ಸುಡುವ ಚಿಕಿತ್ಸೆ, ನಮ್ಮ ಜನರ ಬಾಯಲ್ಲಿ ಕರೆಂಟ್, ಒಂದು ಸುತ್ತು ಕೊಟ್ಟರು. ಅಷ್ಟಕ್ಕೇ ಅವಳು ಹಿಡಿಯಷ್ಟಾದಳು.

ಎರಡನೆಯ ಸುತ್ತಿಗೆ ಮೊದಲು ಒಂದು ತಿಂಗಳು ಮನೆಯಲ್ಲಿಟ್ಟುಕೊಳ್ಳಿ ಎಂದು ಹೇಳಿ ಡಾಕ್ಟರು ನನ್ನ ಕೈಗೆ ಒಂದು ಕಾಗದ ಕೊಟ್ಟರು. ವಾರಕ್ಕೊಮ್ಮೆ ಅವಳನ್ನು ಒಂದೇ ಏರಿನಲ್ಲಿ ನಡೆಸಬೇಕು. ಎಷ್ಟು ಸಲ ನಿಂತಳು, ಗಂಟು ತೆಗೆದ ಪಕ್ಕದ ಕೈ ಎಲ್ಲಿಯವರೆಗೆ ಎತ್ತಿದಳು, ಬರೆಯಬೇಕು. "ನಿಲ್ಲದೆ ಹತ್ತಿ, ಕೈ ತಲೆಯ ಮೇಲೆ ಹೋದರೆ ಬರೆದು ಕಳಿಸಿ, ಕರೆಸಿಕೊಳ್ಳುತ್ತೇವೆ. ಇಲ್ಲದಿದ್ದರೆ ಇಷ್ಟು ದೂರ ತಂದು ಹಿಂಸೆ ಕೊಡಬೇಡಿ," ಎಂದರು. ಕರೆಂಟ್ ಇಲ್ಲದೆ ಹೋದರೆ ಏನಾಗುತ್ತದೆ ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು.

ನಮ್ಮ ಮನೆಯಿಂದ ಕಾಫಿ ಒಣಗಿಸುವ ಕಣಕ್ಕೆ ಒಂದು ಏರು ದಾರಿ. ಮೊದಲ ಸೋಮವಾರ ನಾಲ್ಕು ಸಲ ನಿಂತಳು, ಕೈ ಭುಜದವರೆಗೆ ಬಂತು. ಎರಡನೆಯ ವಾರ ಐದು ಸಲ. ಮೂರನೆಯ ವಾರ ಅರ್ಧ ದಾರಿಯಲ್ಲೇ ಕೂತುಬಿಟ್ಟಳು. ಹೆದರಿಕೆಗೆ ನನ್ನ ನಾಲಿಗೆ ಹರಿತವಾಯಿತು. "ಏಳೇ, ಇನ್ನೊಂದ್ ಹತ್ತು ಹೆಜ್ಜೆ ಹಾಕಕ್ಕಾಗಲ್ವಾ?" ಎಂದು ಕಿರುಚಿದೆ.

"ನಾನೇನು ನಿಮ್ಮ ತೋಟದ ಲೈನ್‌ಮನೆ ಆಳಾ? ಸೀಟಿ ಊದಿ ಎಬ್ಬಿಸ್ತೀರಲ್ಲ!" ಎಂದಳು. ಆಮೇಲೆ ಮೆಲ್ಲಗೆ, "ಪಕ್ಕದಲ್ಲಿ ಬನ್ರೀ ಒಂದಿಷ್ಟು. ದೂರ ನಿಂತ್ಕೊಂಡು ಲೆಕ್ಕ ಹಾಕ್ತೀರಿ," ಎಂದಳು. ಹಿಡಿದುಕೊಂಡರೆ ಪರೀಕ್ಷೆ ಕೆಡುತ್ತದೆ ಎಂದು ನಾನು ಹತ್ತಿರ ಹೋಗಲಿಲ್ಲ. ಎಂಥಾ ಮುಠ್ಠಾಳ ನಾನು!

ನಾಲ್ಕನೆಯದು ಕೊನೆಯ ಸೋಮವಾರ. ಹಿಂದಿನ ಸಂಜೆಯಿಂದಲೇ ಅವಳಿಗೆ ಜ್ವರ. ಪಕ್ಕದ ಮನೆಯ ದೇವಕ್ಕನನ್ನು ಅವಳ ಹತ್ತಿರ ಕೂರಿಸಿ, ಬೆಳಿಗ್ಗೆ ಆಳುಗಳ ಹಾಜರಿ ಹಾಕಲು ಕಣಕ್ಕೆ ಹೋದೆ. ಮಂಜು ದಟ್ಟವಾಗಿತ್ತು. ಅಂಥ ಬೆಳಿಗ್ಗೆ ನಾವು ರೈಟರುಗಳು ಮುಖ ನೋಡುವುದಿಲ್ಲ. ನಡಿಗೆ ನೋಡಿಯೇ ಹಾಜರಿ ಹಾಕುತ್ತೇವೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿದವನಲ್ಲ.

ಆಗ ಕೆಳಗಿನಿಂದ ಗೌರಿ ಬಂದಳು. ಅವಳ ನಡಿಗೆಯೇ; ಬಲಗಾಲು ಒತ್ತಿ, ಎಡಗಾಲು ಹಗುರ. ಅವಳದೇ ಹಸಿರು ಸೀರೆ. ಒಂದು ಕಡೆಯೂ ನಿಲ್ಲದೆ ಏರು ಹತ್ತಿ, ಕಣದ ಅಂಚಿನಲ್ಲಿ ನನ್ನ ಕಡೆ ತಿರುಗಿ, ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿದಳು. ನನ್ನ ಎದೆ ಬಿರಿಯುವಷ್ಟು ಸಂತೋಷವಾಯಿತು. ಜೇಬಿನಿಂದ ಡಾಕ್ಟರ ಕಾಗದ ತೆಗೆದು ಮೊದಲು ಬರೆದೆ. ತಲೆಯೆತ್ತಿದಾಗ ಅವಳಿರಲಿಲ್ಲ.

ಮನೆಗೆ ಓಡಿದೆ. ದೇವಕ್ಕ ಗೌರಿಯ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಿದ್ದಳು. "ಎಂತ ರೈಟರೇ ಹಿಂಗೆ ಓಡಿ ಬಂದರಿ? ಗೌರಿ ಎದ್ದೇ ಇಲ್ಲೆ. ಮೈಯಲ್ಲಿ ಬೆಂಕಿಯಂಗೆ ಜ್ವರ ಉಂಟು," ಎಂದಳು. ಹಸಿರು ಸೀರೆ ಹಗ್ಗದ ಮೇಲೆ ಮಡಚಿದಂತೆಯೇ ಇತ್ತು. ಮುಟ್ಟಿ ನೋಡಿದೆ, ಮಂಜಿನ ಒಂದು ಹನಿಯೂ ಇಲ್ಲದೆ ಒಣಗಿತ್ತು. ಕಂಡದ್ದನ್ನು ನಾನು ಅವರಿಬ್ಬರಿಗೂ ಹೇಳಲಿಲ್ಲ.

ಕಾಗದವನ್ನು ಹರಿಯಬಹುದಿತ್ತು. ಹರಿದರೆ ಎರಡನೆಯ ಸುತ್ತು ಇಲ್ಲ, ಅವಳ ದಾರಿ ಮುಗಿಯಿತು. ಕಂಡದ್ದನ್ನು ತಾನೆ ಬರೆದದ್ದು ಎಂದು ನನಗೆ ನಾನೇ ಹೇಳಿಕೊಂಡು ಅಂಚೆಗೆ ಹಾಕಿದೆ. ವಾರದೊಳಗೆ ಕರೆ ಬಂತು. ಅಷ್ಟರಲ್ಲಿ ಜ್ವರ ಬಿಟ್ಟಿತ್ತು, ನಿತ್ರಾಣ ಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ನೋಡಿ ಡಾಕ್ಟರು ಕಾಗದವನ್ನು ಎರಡು ಸಲ ಓದಿದರು. "ಇದನ್ನು ನೀವೇ ನೋಡಿದಿರಾ?" ಎಂದರು. ಹೌದು ಎಂದೆ. ಸೇರಿಸಿಕೊಂಡರು. ಕರೆಂಟನ್ನು ಅವಳ ಮೈ ತಡೆಯಲಿಲ್ಲ; ಹದಿನೈದು ದಿನ ಕಳೆಯುವ ಮೊದಲೇ ತೀರಿಕೊಂಡಳು.

ಹೋಗುವ ಹಿಂದಿನ ದಿನ ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಮಲಗಿದ್ದಳು. ನಿದ್ದೆ ಎಂದುಕೊಂಡಿದ್ದೆ. ಕಣ್ಣು ತೆರೆಯದೆಯೇ ಕೇಳಿದಳು: "ಅವತ್ತು ಮಂಜಿನಲ್ಲಿ ಕಣದ ತನಕ ಬಂದು, ಕೈಯೆತ್ತಿ ಕರೆದ್ನಲ್ರೀ. ಯಾಕೆ ಬರಲಿಲ್ಲ? ತಲೆ ಬಗ್ಗಿಸ್ಕೊಂಡು ಏನೋ ಬರೀತಾ ಇದ್ರಿ."

ಅವಳು ಹೇಗೆ ಬಂದಳು, ನನಗೆ ಗೊತ್ತಿಲ್ಲ. ಜ್ವರದ ಕನಸು ನನ್ನ ಕಣ್ಣಿಗೆ ಹೇಗೆ ಬಿತ್ತು, ಅದೂ ಗೊತ್ತಿಲ್ಲ. ಅವಳು ಕರೆದಳು, ನಾನು ಅದನ್ನು "ಕೈ ತಲೆಯ ಮೇಲೆ ಹೋಯಿತು" ಎಂದು ಬರೆದುಕೊಂಡೆ.