ರವದಿಯ ಮೇಲೆ ನಿಂತ ಕಾರು

ಅಕ್ಕನ ಕಾರಿನಲ್ಲಿ ಗೇರ್ ಹಾಕುವುದು ನನ್ನ ಕೆಲಸವಾಗಿತ್ತು. ಸ್ಟೀರಿಂಗ್, ಬ್ರೇಕ್, ಕ್ಲಚ್ಚು ಅವಳವು. ಆರ್ಥ್ರೈಟಿಸ್‌ನಿಂದ ಅವಳ ಎಡಗೈ ಬೆರಳುಗಳು ಒಳಕ್ಕೆ ಮಡಚಿಕೊಂಡು, ಗೇರಿನ ಗುಂಡು ಹಿಡಿಯಲಾಗದೆ ಹೋದ ಮೇಲೆ, ಪಕ್ಕದ ಸೀಟಿನಿಂದ ನಾನೇ ಬಲಗೈ ಚಾಚುತ್ತಿದ್ದೆ. ಅವಳು ಕ್ಲಚ್ ಒತ್ತಿ "ಥರ್ಡ್" ಅನ್ನುವಳು, ನಾನು ಮೇಲಕ್ಕೆ ತಳ್ಳುವೆ. ಡ್ರೈವಿಂಗ್ ನನಗೆ ಇವತ್ತಿಗೂ ಬರುವುದಿಲ್ಲ. ಆದರೆ ಗೋಕಾಕದಿಂದ ಮೂಡಲಗಿಯವರೆಗೆ ಯಾವ ತಿರುವಿಗೆ ಸೆಕೆಂಡ್, ಯಾವ ದಿಬ್ಬ ದಾಟಿದ ಮೇಲೆ ಫೋರ್ತ್ ಎಂಬುದು ಕಾನ್ವೆಂಟಿನ ಮಾರ್ನಿಂಗ್ ಪ್ರೇಯರ್‌ನಷ್ಟೇ ಬಾಯಿಪಾಠವಾಗಿತ್ತು.

ನಾವು ಅಕ್ಕತಂಗಿ ಇಬ್ಬರೂ ಮದುವೆಯಾದವರಲ್ಲ. ನಾನು ಗೋಕಾಕದ ಕಾನ್ವೆಂಟಿನಲ್ಲಿ ಇಂಗ್ಲಿಷ್ ಟೀಚರ್. ಅಕ್ಕ ಘಟಪ್ರಭಾದಲ್ಲಿ ಹೆರಿಗೆ ಡಾಕ್ಟರು, ಸುತ್ತಲ ಹಳ್ಳಿಗಳಿಗೆಲ್ಲ "ಬಾಯಾರು". ಪ್ರ್ಯಾಕ್ಟೀಸ್ ಬಿಟ್ಟ ವರ್ಷ ಹುಕ್ಕೇರಿಯ ಗುತ್ತಿಗೆದಾರರೊಬ್ಬರು ತಮ್ಮ ಸ್ಪೋರ್ಟ್ಸ್ ಸೆಡಾನ್ ಮಾರುತ್ತಾರೆಂದು ಕೇಳಿ, ಸುಮ್ಮನೆ ನೋಡಿ ಬರೋಣ ಎಂದು ಹೊರಟಳು. ಕಡುನೀಲಿ ಬಣ್ಣದ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ, ಆಗಲೇ ಹಳೆಯದಾಗಿದ್ದ ವಿದೇಶಿ ಕಾರು. ಸೀರೆ ಉಟ್ಟುಕೊಂಡು ಅದರೊಳಗಿಂದ ಏಳಲು ಬರುವುದಿಲ್ಲವೆಂದು ಅವರ ಹೆಂಡತಿ ಹಟ ಹಿಡಿದಿದ್ದರಂತೆ. ಅಕ್ಕ ಒಂದು ಸುತ್ತು ಓಡಿಸಿ ಬಂದು ಇಳಿದಾಗ ಮುಖ ಹಾಸ್ಟೆಲ್ ಗೇಟು ಹಾರಿ ಬಂದ ಹುಡುಗಿಯದಾಗಿತ್ತು. ನಿನಗೆ ತಲೆ ಕೆಟ್ಟಿದೆ ಎಂದು ನಾನು ಇಂಗ್ಲಿಷಿನಲ್ಲೇ ಅಂದೆ, ಗುತ್ತಿಗೆದಾರರಿಗೆ ತಿಳಿಯದಿರಲಿ ಎಂದು. ಅವಳು ಅವರಿಗೂ ಕೇಳುವ ಹಾಗೆ ಕನ್ನಡದಲ್ಲಿ ಉತ್ತರ ಕೊಟ್ಟಳು: "ಭಾಳ ದಿನದ ಹಿಂದನ ಕೆಡಬೇಕಾಗಿತ್ತು."

ಕೊಳ್ಳುವಾಗ ಸೋವಿ ಅನಿಸಿದ ಕಾರು ಆಮೇಲೆ ತನ್ನ ಖರೆ ಬೆಲೆ ಕೇಳತೊಡಗಿತು. ಕೂಲಂಟ್ ಡಬ್ಬಿಯ ಪ್ಲಾಸ್ಟಿಕ್ ಸೀಳಿ ಹುಕ್ಕೇರಿ ರಸ್ತೆಯಲ್ಲಿ ಹೊಗೆಯಾಡಿತು. ಕಿಟಕಿಯ ಗಾಜು ಹೇಳದೆ ಕೇಳದೆ ಬಾಗಿಲೊಳಗೆ ಕುಸಿದು ಕೂರುತ್ತಿತ್ತು. ಮಳೆ ಬಂದರೆ ನಾನು ಒಳಗೇ ಕೊಡೆ ಹಿಡಿಯುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳು ಅರೆದು ಹಾಕಿದ ರಸ್ತೆಯಲ್ಲಿ ಸಸ್ಪೆನ್ಷನ್ನಿನ ಬುಷ್‌ಗಳು ವರ್ಷಕ್ಕೊಮ್ಮೆ ಸಾಯುತ್ತಿದ್ದವು. ಅದಕ್ಕೆ ಬೇಕಾದ ಅಗಲದ ಟೈರು ಗೋಕಾಕದಲ್ಲಿ ಸಿಗದು, ಬೆಳಗಾವಿಗೇ ಹೋಗಬೇಕು. ಉಳಿದ ಪಾರ್ಟ್‌ಗಳು ಪುಣೆಯಿಂದ ಬಸ್ ಪಾರ್ಸೆಲ್ಲಿನಲ್ಲಿ ಬರಬೇಕು, ಅದರಲ್ಲೂ ಮೊದಲ ಸಲ ಬಂದದ್ದು ಬೇರೆ ಮಾಡೆಲ್ಲಿನದೇ. ಇಷ್ಟು ಹಳೆಯ ಗಾಡಿಗೆ ಫುಲ್ ಇನ್ಶೂರೆನ್ಸ್ ಕಟ್ಟುವುದು ದಂಡ ಎಂದು ಅಕ್ಕ ಥರ್ಡ್ ಪಾರ್ಟಿ ಮಾತ್ರ ಇಟ್ಟುಕೊಂಡಿದ್ದಳು.

"ಇದು ಕಾರಲ್ರಿ ಬಾಯಾರ, ಅಳಿಯಾ," ಎನ್ನುತ್ತಿದ್ದ ನಮ್ಮ ಗ್ಯಾರೇಜಿನ ಮೇಸ್ತ್ರಿ. "ಬಂದಾಗೊಮ್ಮೆ ಏನರ ಕೊಡಾಕಬೇಕು. ಕೊಟ್ರೂ ಮಾರಿ ಊದಿಸಿಕೊಂಡ ಕೂಡತೈತಿ."

"ಮಗಳಿಲ್ಲದ ಮನಿಗೆ ಅಳಿಯಾ ಬಂದಾನಲ್ಲೋ," ಎಂದಳು ಅಕ್ಕ, "ಮಾನ ಮಾಡೋಣ ತಡಿ."

ಬೆರಳು ಸೊಟ್ಟಗಾದಂತೆ ಅವಳ ಒಂದೊಂದೇ ಕೆಲಸ ಕಳಚಿ ಬಿತ್ತು. ರೊಟ್ಟಿ ತಟ್ಟುವುದು ನಿಂತಿತು, ಹೆಣಿಗೆ ನಿಂತಿತು, ಜಡೆ ಹಾಕಿಕೊಳ್ಳುವುದೂ ನಿಂತು ನಾನೇ ಹಾಕತೊಡಗಿದೆ. ಉಳಿದದ್ದು ಕಾರೊಂದೇ. ಅದರೊಳಗೆ ಕೂತಾಗ ಮಾತ್ರ ಅವಳು ಪೇಷಂಟ್ ಆಗಿರುತ್ತಿರಲಿಲ್ಲ. ಗೇರಿಲ್ಲದ ಆಟೋಮ್ಯಾಟಿಕ್ ತಗೋ, ಕೈಗೆ ಆರಾಮ ಎಂದು ಸೋದರ ಸೊಸೆ ಫೋನಿನಲ್ಲಿ ಹೇಳಿದಾಗ, ಅದು ಕಾರಲ್ಲ, ಲಿಫ್ಟು ಎಂದು ಬೈದು ಇಟ್ಟುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ನೋಡದೆಯೇ ಅಂದಳು: "ಅದರಾಗ ನಿನಗೇನ ಕೆಲಸ?"

ಕೊನೆಯ ಚಳಿಗಾಲದಲ್ಲಿ ಎಂಜಿನ್ನಿನಿಂದ ಎಣ್ಣೆ ಸುಟ್ಟ ವಾಸನೆ ಬರತೊಡಗಿತು. ಮೇಲಿನ ಮುಚ್ಚಳದ ಪ್ಯಾಕಿಂಗ್ ಒಣಗಿ ಬಿರಿದು ಆಯಿಲ್ ಜಿನುಗುತ್ತಿದೆ, ಕೆಳಗಿನ ಸೈಲೆನ್ಸರ್ ಪೈಪಿನ ಮೇಲೆ ತೊಟ್ಟಿಕ್ಕುತ್ತಿದೆ ಎಂದ ಮೇಸ್ತ್ರಿ. ಈ ವಯಸ್ಸಿನ ಇಂಥ ಕಾರಿಗೆಲ್ಲ ಬರುವ ರೋಗವೇ ಅದಂತೆ. ಪುಣೆಗೆ ಹೇಳಿದ್ದಾಯಿತು. ಪಾರ್ಸೆಲ್ ಬರುವುದರೊಳಗೆ ಎಳ್ಳಮಾವಾಸ್ಯೆ ಬಂತು.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗಬೇಕು. ಭೂಮಿತಾಯಿ ಬಸುರಿ, ಬೆಳೆಯ ನಡುವೆ ಚೆಲ್ಲುವ ಆ ಅಡುಗೆ ಅವಳಿಗೆ ಸೀಮಂತದ ಊಟ. ಅದು ಮನೆಯ ಗಾಡಿಯಲ್ಲೇ ಹೋಗಬೇಕೆಂಬುದು ಅಪ್ಪನ ಕಾಲದಿಂದ ಬಂದದ್ದು. ಆಗ ಎತ್ತಿನ ಗಾಡಿ, ಈಗ ನಮ್ಮ ಅಳಿಯ. ಕಡುಬು, ಸಜ್ಜೆ ರೊಟ್ಟಿ, ಬದನೆಯ ಎಣಗಾಯಿ, ಪುಂಡಿ ಪಲ್ಯದ ಬುಟ್ಟಿಗಳನ್ನು ಹಿಂದಿನ ಸೀಟಿಗೆ ಏರಿಸಿ ನಮ್ಮ ಹೊಲವಿರುವ ಮಸಗುಪ್ಪಿಗೆ ಹೊರಟೆವು.

ಹೊಲದ ಬಂಡಿದಾರಿಯಲ್ಲಿ ಪ್ರತಿ ವರ್ಷ ಕಾರಿನ ಹೊಟ್ಟೆ ಕೆರೆಯುತ್ತಿತ್ತು. ಆ ಸದ್ದಿಗೆ ಅಕ್ಕ ಹಲ್ಲು ಕಚ್ಚುವುದನ್ನು ಹೊಲ ಪಾಲಿಗೆ ಮಾಡುವ ಮನೆಯವರು ನೋಡಿದ್ದರು. ಈ ಸಲ ಅವರು ಬೆಳಗಿನಿಂದಲೇ ಕಬ್ಬಿನ ಒಣಗರಿ, ಅಂದರೆ ರವದಿಯನ್ನು, ಹೊತ್ತು ತಂದು ಚಕ್ರದ ಗುಂಡಿಗಳಲ್ಲಿ ತುಂಬಿ, ಬನ್ನಿಗಿಡದ ನೆರಳಿನ ತನಕ ದಪ್ಪಗೆ ಹಾಸಿಬಿಟ್ಟಿದ್ದರು.

"ಬರ್ರಿ ಬಾಯಾರ," ಎಂದು ಆ ಮನೆಯ ಹೆಣ್ಣುಮಗಳು ಸೆರಗಿನಿಂದ ಬೆವರು ಒರೆಸುತ್ತ ನಕ್ಕಳು. "ನಿಮ್ಮ ಅಳಿಯಾಗ ಗಾದಿ ಹಾಸೇವಿ."

ಅವಳ ಮಕ್ಕಳೆಲ್ಲ ಅಕ್ಕನ ಕೈಯಲ್ಲೇ ಹುಟ್ಟಿದವರು. ಕಾರು ಒಂದು ಸದ್ದೂ ಇಲ್ಲದೆ ಮೆತ್ತಗೆ ತೇಲಿ ಬಂದು ನೆರಳಲ್ಲಿ ನಿಂತಿತು. "ನ್ಯೂಟ್ರಲ್," ಎಂದಳು ಅಕ್ಕ. ಅದೇ ಕೊನೆಯದು.

ಬುಟ್ಟಿಗಳನ್ನು ಬದುವಿನ ಮೇಲೆ ಇಳಿಸಿ, ಪೂಜೆ ಮುಗಿಸಿ, ಜೋಳದ ಸಾಲುಗಳ ನಡುವೆ ಚರಗ ಚೆಲ್ಲುತ್ತ ಹೊಲದ ಆಚೆ ತುದಿಗೆ ಹೋದಾಗ ಹೊಗೆಯ ವಾಸನೆ ಬಂತು. ಯಾರೋ ರವದಿ ಸುಡುತ್ತಿದ್ದಾರೆ ಎಂದೆ ನಾನು. ಎಲ್ಲರೂ ಹೌದೆಂದರು. ಕಬ್ಬು ಕಡಿಯುವ ಆ ದಿನಗಳಲ್ಲಿ ನಮ್ಮ ಕಡೆ ಹೊಗೆಯಿಲ್ಲದ ದಿಕ್ಕೇ ಇರುವುದಿಲ್ಲ. ಯಾರೂ ತಿರುಗಿ ನೋಡುವುದಿಲ್ಲ. ಉಳಿದ ಚರಗವನ್ನು ನಿಧಾನವಾಗಿ ಚೆಲ್ಲಿ ಮರಳುವಾಗ ಬನ್ನಿಗಿಡದ ಬುಡ ಕೆಂಪಗಿತ್ತು.

ಕಾಯ್ದ ಪೈಪು, ಜಿನುಗಿದ ಎಣ್ಣೆ, ಕೆಳಗೆ ಒಣ ರವದಿ. ಪಂಪಿಗೆ ಆ ಹೊತ್ತಿನಲ್ಲಿ ಕರೆಂಟಿರಲಿಲ್ಲ. ಗಂಡಸರು ಕೊಡದಲ್ಲಿ ನೀರು ತಂದು ಎರಚಿದರು, ಮಣ್ಣು ತೂರಿದರು, ಆಮೇಲೆ ಹತ್ತಿರ ಹೋಗಲಾಗಲಿಲ್ಲ. ಕಿಟಕಿಯ ಗಾಜುಗಳು ಸಿಡಿದವು, ಟೈರುಗಳು ಒಂದೊಂದಾಗಿ ಒಡೆದವು. ಅಕ್ಕ ಮಕ್ಕಳನ್ನು ಹಿಂದಕ್ಕೆ ಸರಿಸಿ ಎಂದಷ್ಟೇ ಹೇಳಿ, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನೋಡುತ್ತ ನಿಂತಳು. ಲೇಬರ್ ವಾರ್ಡಿನಲ್ಲಿ ಕೂಸು ಅಳದಿದ್ದಾಗ ಅವಳು ಹಾಗೆ ನಿಲ್ಲುತ್ತಿದ್ದಳೇನೋ.

ಆ ಹೆಣ್ಣುಮಗಳು ಮಣ್ಣಿನಲ್ಲೇ ಕುಸಿದು ಕೂತಿದ್ದಳು. "ನಾವ ಸುಟ್ಟಿವ್ರಿ ಬಾಯಾರ. ನಮ್ಮ ಕೈಯಾರ ಹಾಸಿ ಸುಟ್ಟಿವಿ."

ಅಕ್ಕ ನನ್ನ ಭುಜ ಹಿಡಿದು ಕಷ್ಟಪಟ್ಟು ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. "ಹಾಸಿದ್ದು ಯಾರಿಗವಾ, ನನಗ ಹೌದಿಲ್ಲೋ? ಅಷ್ಟು ಮೆತ್ತಗ ನನಗ ಯಾರೂ ಹಾಸಿದ್ದಿಲ್ಲ."

ಆಮೇಲೆ ಎಲ್ಲರನ್ನೂ ಊಟಕ್ಕೆ ಕೂರಿಸಿದಳು. ಚರಗದ ಊಟ ಮನೆಗೆ ವಾಪಸು ಒಯ್ಯಬಾರದು. ಬನ್ನಿಗಿಡದ ಅರ್ಧ ಎಲೆ ಕರಕಲಾಗಿತ್ತು, ಕಡುಬಿಗೆಲ್ಲ ಹೊಗೆ ಹಿಡಿದಿತ್ತು. ಅದನ್ನೇ ತಿಂದೆವು.

ಸಂಜೆ ಊರಿನವರೊಬ್ಬರ ಜೀಪಿನಲ್ಲಿ, ಅವರ ಡ್ರೈವರ್ ಹುಡುಗನ ಜೊತೆ, ನಮ್ಮನ್ನು ಕಳಿಸಿಕೊಟ್ಟರು. ಎಷ್ಟೋ ವರ್ಷಗಳ ಮೇಲೆ ಅಕ್ಕ ಹಿಂದಿನ ಸೀಟಿನಲ್ಲಿ ಕೂತಿದ್ದಳು, ಬಲಗಡೆಯ ಕಿಟಕಿಗೆ. ನಾನು ಎಂದಿನಂತೆ ಅವಳ ಎಡಕ್ಕೆ. ಕಾಲ ಬಳಿ ಬರಿದಾದ ಬುಟ್ಟಿಗಳು. ಗೋಕಾಕದ ದಿಬ್ಬ ಬಂದಾಗ ಅವಳ ಎಡಗಾಲು ಬುಟ್ಟಿಯನ್ನು ಸರಿಸಿ ಜೀಪಿನ ನೆಲವನ್ನು ಒತ್ತಿತು. ಕೂಡಲೇ ನನ್ನ ಬಲಗೈ ತಾನಾಗಿ ಎದ್ದು ನಡುವಿನ ಸೀಟಿಗೆ ಹೋಯಿತು. ಅಲ್ಲಿ ಇದ್ದದ್ದು ಅವಳ ಮಡಚಿದ ಬೆರಳುಗಳು.

ಅಕ್ಕ ಹೊರಗೇ ನೋಡುತ್ತಿದ್ದಳು. ಕಾಲನ್ನು ಮೆಲ್ಲಗೆ ಎತ್ತಿದಳು.

"ಬ್ಯಾಡ ಬಿಡು," ಎಂದಳು. "ಅಂವಾ ಹಾಕ್ಯಾನ."